ಐದು ತಾಲೂಕಿನ ಕೈಗೆ ಒಗ್ಗಿದ ಹಿಡಿಕೆ

ಹರಪನಹಳ್ಳಿಯ ಪಂಚ ತಾಲೂಕು ಕ್ರೀಡಾ ಆಯುಧ ಮಾರ್ಪಾಡು ಪರಿಶೀಲನಾ ಘಟಕವು ಸ್ಥಾಪನೆಯಾದ ದಿನದಿಂದ ಇಂದಿನವರೆಗೆ ಒಂದೇ ಒಂದು ಅರ್ಜಿಯನ್ನೂ ತಿರಸ್ಕರಿಸಿಲ್ಲ. ಮೊದಲ ಆರು ವರ್ಷ ಅರ್ಜಿಯೇ ಬಂದಿರಲಿಲ್ಲ ಎಂಬುದು ನಿಜ. ಆದರೆ ಅದರಿಂದ ದಾಖಲೆಗೆ ಕುಂದು ಬರುವುದಿಲ್ಲ.

ನಾನು ಗುರುಮೂರ್ತಿ, ಈ ಘಟಕದ ವಿಷಯ ನಿರ್ವಾಹಕ. ಇಲ್ಲಿ ಒಟ್ಟು ಮೂವರಿದ್ದೇವೆ. ಮೇಲೆ ಮುಖ್ಯ ಪರಿಶೀಲನಾಧಿಕಾರಿ ಶಿವಯೋಗಪ್ಪನವರು, ಕೆಳಗೆ ಜವಾನ ಹುಲುಗಪ್ಪ, ನಡುವೆ ನಾನು. ಕಚೇರಿ ಇರುವುದು ಮೆಕ್ಕೆಜೋಳದ ಮಂಡಿಗಳ ಸಾಲಿನಲ್ಲಿ, ಒಂದು ಮಂಡಿಯ ಮಹಡಿಯ ಮೇಲೆ. ಸುಗ್ಗಿಯಲ್ಲಿ ಕೆಳಗೆ ಚೀಲ ಕೊಡವಿದರೆ ಸಾಕು, ಮೇಲೆ ನಿನ್ನೆಯ ಕಡತವೂ ಹತ್ತು ವರ್ಷದ್ದಾಗಿ ಕಾಣುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕುಗಳಲ್ಲಿ ಯಾರಾದರೂ ಪಂದ್ಯಕ್ಕೆ ಬಳಸುವ ಬಂದೂಕು, ಪಿಸ್ತೂಲುಗಳಲ್ಲಿ ಏನಾದರೂ ಬದಲಾವಣೆ ಮಾಡಿಕೊಳ್ಳುವುದಿದ್ದರೆ ನಮ್ಮ ಒಪ್ಪಿಗೆ ಪಡೆಯತಕ್ಕದ್ದು. ನಮ್ಮ ಮೇಜಿನ ಮೇಲೆ ಮೂರು ಜಿಲ್ಲೆಗಳ ಮೊಹರುಗಳಿವೆ. ಒಂದು ನಮ್ಮದು, ಉಳಿದೆರಡು ಹಳೆಯ ಕಪಾಟಿನ ಜೊತೆ ಬಂದವು. ಹರಪನಹಳ್ಳಿ ಕೂತ ಜಾಗದಿಂದ ಒಂದು ಗೇಣೂ ಅಲ್ಲಾಡದೆ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಎಂದು ಜಿಲ್ಲೆಗಳನ್ನು ಸುತ್ತಿ ಬಂದ ಊರು. ನಾಳೆ ಯಾವ ಜಿಲ್ಲೆಗೆ ಹೊರಡುತ್ತದೋ ಹೇಳಲಾಗದು. ಅದಕ್ಕೇ ಯಾವ ಮೊಹರನ್ನೂ ಬಿಸಾಡಿಲ್ಲ.

ಕಳೆದ ವರ್ಷದ ದಸರೆಗೆ ಮುಂಚೆ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಮಾರ್ಚ್ ಕೊನೆಯ ಹೊತ್ತಿಗೆ ಚಾಲ್ತಿಯಲ್ಲಿರುವ ಕಡತ ಒಂದೂ ಇಲ್ಲದಿದ್ದರೆ ಘಟಕವನ್ನು ಮುಚ್ಚಿ, ಸಿಬ್ಬಂದಿಯನ್ನು ಕೆಲಸವಿರುವ ಕಚೇರಿಗಳಿಗೆ ಹಂಚಲಾಗುವುದು ಎಂದಿತ್ತು. 'ಕೆಲಸವಿರುವ ಕಚೇರಿ' ಎಂಬ ಮಾತನ್ನು ಶಿವಯೋಗಪ್ಪನವರು ಮೂರು ಸಲ ಓದಿದರು. ಆ ದಿನ ಅವರಿಗೆ ಮನೆಯಿಂದ ಬಂದ ಬುತ್ತಿ ಹುಲುಗಪ್ಪನ ಪಾಲಾಯಿತು. ಆಯುಧ ಪೂಜೆಯ ದಿನ, ಆಯುಧವೇ ಇಲ್ಲದ ನಮ್ಮ ಆಯುಧ ಕಚೇರಿಯಲ್ಲಿ ಎಂದಿನಂತೆ ಸ್ಟೇಪ್ಲರಿಗೂ ಮೂರು ಮೊಹರುಗಳಿಗೂ ಕುಂಕುಮ ಹಚ್ಚಿ, ಒಂದು ಅರ್ಜಿ ಕೊಡು ತಾಯಿ ಎಂದು ಬೇಡಿಕೊಂಡೆವು.

ದಸರೆ ಮುಗಿದ ಮೊದಲ ಸೋಮವಾರ ಯಶೋಧರಾ ಬಂದಳು.

ಯಶೋಧರಾ ನಮ್ಮ ತಾಲೂಕಿನದೇ ಆದ ಅರಸೀಕೆರೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ವಯಸ್ಸು ಇಪ್ಪತ್ತೇಳು. ವಾರವಿಡೀ ಮಕ್ಕಳಿಗೆ ಖೋಖೋ ಆಡಿಸಿ, ಭಾನುವಾರ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ, ಅಲ್ಲಿನ ಒಂದು ಶೂಟಿಂಗ್ ಸಂಘದಲ್ಲಿ ಪಿಸ್ತೂಲು ಅಭ್ಯಾಸ ಮಾಡುತ್ತಾಳೆ. ಪಿಸ್ತೂಲು ಸಂಘದ್ದು, ಅವರ ಕಬ್ಬಿಣದ ಕಪಾಟು ಬಿಟ್ಟು ಹೊರಗೆ ಬರುವುದಿಲ್ಲ. ಅದು ಅರೆ ಸ್ವಯಂಚಾಲಿತ. ಒಂದು ಗುಂಡು ಹಾರಿದರೆ ಮುಂದಿನದು ತಾನೇ ಬಂದು ಕೂರುತ್ತದೆ, ಆದರೆ ಗುರಿ ಹಿಡಿಯುವುದೂ ಟ್ರಿಗರ್ ಒತ್ತುವುದೂ ಪ್ರತಿ ಸಲವೂ ಕೈಯ ಕೆಲಸವೇ. ಆ ಪಿಸ್ತೂಲಿನ ಹಿಡಿಕೆಯನ್ನು ಯಾರೋ ಆರಡಿ ಆಳಿಗೆಂದು ಮಾಡಿದ್ದರು. ಯಶೋಧರಾಳ ಅಂಗೈಗೂ ಮರಕ್ಕೂ ನಡುವೆ ಸಂದು ಉಳಿದು, ಗುಂಡು ಹಾರಿದಾಗೆಲ್ಲ ಪಿಸ್ತೂಲು ಕೈಯೊಳಗೇ ಹೊರಳುತ್ತಿತ್ತು. ಹಿಂದಿನ ವರ್ಷ ರಾಜ್ಯ ಪಂದ್ಯದಲ್ಲಿ ಮೂರೇ ಮೂರು ಅಂಕ ಕಡಿಮೆಯಾಗಿ ರಾಷ್ಟ್ರೀಯ ಪಂದ್ಯದ ಅರ್ಹತೆ ಕೈತಪ್ಪಿತು. ಈ ಸಲದ ಪಂದ್ಯ ಜನವರಿ ಇಪ್ಪತ್ತಕ್ಕೆ. ಅದರಲ್ಲೂ ತಪ್ಪಿದರೆ ಪಿಸ್ತೂಲನ್ನು ಬೇರೆಯವರಿಗೆ ಕೊಡುವುದಾಗಿ ಸಂಘದವರು ಹೇಳಿಬಿಟ್ಟಿದ್ದರು.

ಅದಕ್ಕೆ ಅವಳು ಹೊಸ ಹಿಡಿಕೆ ಮಾಡಿಸಿಕೊಂಡಿದ್ದಳು. ಮಾಡಿದವನು ನಮ್ಮೂರ ಬಡಗಿ ಓಬಣ್ಣ. ಓಬಣ್ಣನ ಅಂಗಡಿಯಲ್ಲಿ ಕುಡುಗೋಲಿಗೆ ಹಿಡಿ ಹಾಕಿಸುವವರು ಮೊದಲು ಒಂದು ಹಸಿ ಮಣ್ಣಿನ ಮುದ್ದೆಯನ್ನು ಬಿಗಿಯಾಗಿ ಹಿಡಿದು ಕೊಟ್ಟು ಹೋಗಬೇಕು. ಆ ಮುದ್ದೆಯ ಮೇಲಿನ ಬೆರಳ ಗುರುತು ನೋಡಿಕೊಂಡು ಅವನು ಮರ ಕೆತ್ತುತ್ತಾನೆ. ಅವನು ಹಾಕಿದ ಹಿಡಿಯನ್ನು ಬೇರೆಯವರು ಕದ್ದರೂ ಪ್ರಯೋಜನವಿಲ್ಲ, ಅವರ ಕೈಗೆ ಬೊಬ್ಬೆ ಬರುತ್ತದೆ. ಯಶೋಧರಾಳ ಮುದ್ದೆಯನ್ನೂ ಹಾಗೇ ತೆಗೆದುಕೊಂಡು ಹಳೆಯ ಚಕ್ಕಡಿಯ ಜಾಲಿ ಕಟ್ಟಿಗೆಯಲ್ಲಿ ಹಿಡಿಕೆ ಕೆತ್ತಿದ್ದ. ಕೈಯಿಟ್ಟರೆ ಕೈಯೇ ಕಾಣೆಯಾಗುವಂತೆ ಕೂರುತ್ತಿತ್ತಂತೆ.

ಇಷ್ಟಾದ ಮೇಲೆ ಅವಳು ಅದನ್ನು ಪಿಸ್ತೂಲಿಗೆ ಸಿಕ್ಕಿಸಿಕೊಂಡು ಅಭ್ಯಾಸ ಮಾಡಬಹುದಿತ್ತು. ಸಂಘದವರು ಏನೂ ಕೇಳಿರಲಿಲ್ಲ. ಆದರೆ ಮಕ್ಕಳಿಗೆ ನಿಯಮ ಹೇಳಿಕೊಡುವವಳು ತಾನೇ ನಿಯಮ ತಪ್ಪಿದರೆ ಹೇಗೆಂದು ಅವಳಿಗೆ ಅನ್ನಿಸಿತು. ಇಡೀ ಪ್ರಕರಣದಲ್ಲಿ ಅವಳು ಮಾಡಿದ ತಪ್ಪು ಇದೊಂದೇ.

ಅವಳ ಅಪ್ಪ ಭೀಮರಾಜ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಅವನು ನಮ್ಮ ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದದ್ದು ಒಳಗೆ ನನಗೂ ಕೇಳಿಸಿತು.

"ದಾರ್‍ಯಾಗ ಹೋಗಾ ಮಾರಿನ ಮನಿಗೆ ಕರದಂಗಾಗತೈತಿ ಮಗಳ. ಹಿಡಿಕಿ ನಿಂದು, ಕೈ ನಿಂದು. ಇವರಿಗೇನು ಕೇಳ್ತಿ? ನಡಿ ಹೋಗಣ."

"ಅಪ್ಪಾ, ಒಂದು ಸಹಿ ಅಷ್ಟ. ಹದಿನೈದು ನಿಮಿಷದ ಕೆಲಸ."

ಭೀಮರಾಜ ನಗಲಿಲ್ಲ. ಮೂವತ್ತೆರಡು ವರ್ಷ ಡಿಪೋದಲ್ಲಿ ಇದ್ದವನಿಗೆ ಒಂದು ಸಹಿ ಎಂದರೆ ಎಷ್ಟು ಉದ್ದವೆಂದು ಗೊತ್ತಿತ್ತು.

ನಾವು ಅವಳನ್ನು ಹೇಗೆ ಬರಮಾಡಿಕೊಂಡೆವೆಂದರೆ, ಹುಲುಗಪ್ಪ ಕುರ್ಚಿಯನ್ನು ಎರಡು ಸಲ ಒರೆಸಿದ. ಶಿವಯೋಗಪ್ಪನವರು ಅರ್ಜಿಯನ್ನು ಕಣ್ಣಿಗೊತ್ತಿಕೊಂಡು ಓದಿದರು.

"ಅರೆ ಸ್ವಯಂಚಾಲಿತ ಅಂತ ಬರದೀರಿ ಟೀಚರ್. ಅರ್ಧ ಕೆಲಸ ತಾನ ಮಾಡತೈತಿ ಅಂದಂಗಾತು. ಉಳಿದರ್ಧ ಯಾರು ಮಾಡ್ತಾರ?"

"ನಾನ ಮಾಡ್ತೀನಿ ಸರ್."

"ಹಂಗಾದ್ರ ಪಿಸ್ತೂಲಿನ ಅರ್ಧ ಭಾಗ ನೀವ ಆದ್ರಿ. ಗುರುಮೂರ್ತಿ, ಅನುಬಂಧದಾಗ ಅರ್ಜಿದಾರರ ಎತ್ತರ, ತೂಕ ಸೇರಿಸು."

ಸೇರಿಸಿದೆ. ಹಿಡಿಕೆಗೆ ಒಂದು ಸಂಖ್ಯೆ ಕೊಟ್ಟು, ಕೆಂಪು ಅರಿವೆಯಲ್ಲಿ ಸುತ್ತಿ, ಕಡತದ ಅವಿಭಾಜ್ಯ ಅಂಗವೆಂದು ದಾಖಲಿಸಿದೆ. ಅಲ್ಲಿಂದ ಮುಂದೆ ಅದನ್ನು ಹಿಂದಕ್ಕೆ ಕೊಡುವುದು ನಮ್ಮ ಕೈಯಲ್ಲೂ ಇರಲಿಲ್ಲ.

ಇನ್ನು ನಿಯಮ. ನಮ್ಮ ನಿಯಮಾವಳಿಯ ಹದಿನಾಲ್ಕನೆಯ ನಿಯಮದ ಮೂರನೆಯ ಉಪನಿಯಮ ಹೀಗಿದೆ: 'ಮಾರ್ಪಾಡಾದ ಹಿಡಿಕೆಯು ಕೈಗೆ ಒಗ್ಗುತ್ತದೆ ಎಂಬುದನ್ನು ಪರಿಶೀಲಿಸುವ ಅಧಿಕಾರಿಯು ಖುದ್ದಾಗಿ ಹಿಡಿದು ನೋಡಿ ದೃಢೀಕರಿಸತಕ್ಕದ್ದು. ಈ ಬಗ್ಗೆ ಯಾರ ಬಾಯಿಮಾತನ್ನೂ ಆಧಾರವಾಗಿ ಪರಿಗಣಿಸತಕ್ಕದ್ದಲ್ಲ.'

ಶಿವಯೋಗಪ್ಪನವರು ಖುದ್ದಾಗಿ ಹಿಡಿದರು. ಅವರದು ತುಂಬಿದ ಕೈ. ಅದರ ಮೇಲೆ ಹವಳ, ಪುಷ್ಯರಾಗ, ಗೋಮೇಧಿಕದ ಮೂರು ಉಂಗುರಗಳು. ಹಿಡಿಕೆ ಅವರ ಬೆರಳ ತುದಿಯಲ್ಲೇ ನಿಂತುಬಿಟ್ಟಿತು. ತಿರುಗಿಸಿ ಹಿಡಿದರು, ಎದ್ದು ನಿಂತು ಹಿಡಿದರು, ಕಿಟಕಿಯ ಬೆಳಕಿಗೆ ಹೋಗಿ ಹಿಡಿದರು. ಬಂದು ಕೂತು 'ಒಗ್ಗಿಲ್ಲ' ಎಂದು ಬರೆದರು.

"ಸರ್, ಅದು ನನ್ನ ಕೈಗೆ ಮಾಡಿದ್ದು. ನಿಮ್ಮ ಕೈಗೆ ಹೆಂಗ ಕೂರತೈತ್ರಿ?" ಎಂದಳು ಯಶೋಧರಾ.

ಶಿವಯೋಗಪ್ಪನವರಿಗೆ ಬೇಸರವಾಗಲಿಲ್ಲ. ಅವರು ತಿಳಿಯದವರಿಗೆ ತಿಳಿಸಿ ಹೇಳುವ ಸ್ವಭಾವದವರು.

"ನೋಡ್ರಿ ಟೀಚರ್, ನಿಮ್ಮ ಕೈ ಅಂದ್ರ ಅದು ಅರ್ಜಿದಾರರ ಕೈ. ಅರ್ಜಿದಾರರ ಕೈ ಅರ್ಜಿದಾರರ ಪರವಾಗಿ ಹೇಳಲಾರದ ಮತ್ಯಾರ ಪರವಾಗಿ ಹೇಳತೈತಿ? ನಾಳೆ ಯಾರರ ಮ್ಯಾಲಿನ ಕಚೇರಿಗೆ ದೂರು ಕೊಟ್ರ ಉತ್ತರ ಯಾರು ಹೇಳಬೇಕು? ಒಗ್ಗೈತಿ ಅಂತ ಹೇಳಾದು ಯಾವಾಗಲೂ ಸಂಬಂಧ ಇಲ್ಲದ ಕೈ ಇರಬೇಕು. ನಂದು ಪಿಸ್ತೂಲು ಕಂಡ ಕೈನ ಅಲ್ಲ. ಇದಕ್ಕಿಂತ ಸಂಬಂಧ ಇಲ್ಲದ ಕೈ ಐದು ತಾಲೂಕಿನಾಗ ಸಿಗಾಂಗಿಲ್ಲ."

ಯಶೋಧರಾ ನನ್ನ ಕಡೆ ನೋಡಿದಳು. ನಾನು ಕಡತದ ಕಡೆ ನೋಡಿದೆ.

ಓಬಣ್ಣನನ್ನು ಕರೆಸಲಾಯಿತು. ಅವನು ಚೀಲದಿಂದ ಉಳಿ ತೆಗೆದು, ವರಾಂಡದಲ್ಲಿ ಕೂತು, ಶಿವಯೋಗಪ್ಪನವರ ಕೈಗೆ ತಕ್ಕಂತೆ ಹಿಡಿಕೆಯಲ್ಲಿ ಉಂಗುರಕ್ಕೊಂದರಂತೆ ಮೂರು ಗುಂಡಿ ತೋಡಿದ. ಬಡಗಿ ಹೇಗೂ ಬಂದಿದ್ದಾನಲ್ಲ ಎಂದು ಸಾಹೇಬರ ಮನೆಯ ತೂಗುಮಂಚದ ಒಂದು ಹಲಗೆಯನ್ನೂ ಬದಲಾಯಿಸಿದ. ಅದನ್ನು 'ಪರಿಶೀಲನೆಗೆ ಪೂರಕ ಕೆಲಸ' ಎಂದು ನಮೂದಿಸಿದೆ. ತೂಗುಮಂಚದಲ್ಲಿ ಕೂತರೆ ಸಾಹೇಬರ ಮನಸ್ಸು ಸ್ಥಿಮಿತಕ್ಕೆ ಬರುತ್ತದೆ, ಮನಸ್ಸು ಸ್ಥಿಮಿತದಲ್ಲಿದ್ದರೆ ಕೈ ಸ್ಥಿಮಿತದಲ್ಲಿರುತ್ತದೆ.

"ಕೆಲಸ ಇಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ ಅಂತಾರ," ಎಂದ ಓಬಣ್ಣ, ಉಳಿ ಒರೆಸಿಕೊಳ್ಳುತ್ತ. "ನನಗ ಕೆಲಸ ಐತ್ರಿ ಗುರುಮೂರ್ತಿಯವರ. ಕೆಲಸ ಇಲ್ಲದೋರು ಬ್ಯಾರೆ ಅದಾರ."

ಯಾರ ಬಗ್ಗೆ ಹೇಳಿದನೆಂದು ಸ್ಪಷ್ಟವಾಗದ ಕಾರಣ ಅದನ್ನು ದಾಖಲಿಸಲಿಲ್ಲ.

ಶಿವಯೋಗಪ್ಪನವರ ಕೈಗೆ ಒಗ್ಗಿತು. ಆದರೆ ನಮ್ಮದು ಪಂಚ ತಾಲೂಕು ಘಟಕ. ಉಳಿದ ನಾಲ್ಕು ತಾಲೂಕಿಗೆ ಒಬ್ಬೊಬ್ಬ ಸದಸ್ಯರಿದ್ದಾರೆ. ಆರು ವರ್ಷದಿಂದ ಸಭೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದ ಅವರಿಗೂ ಇದು ಮೊದಲ ಅರ್ಜಿ. ಹಿಡಿಯದೆ ಬಿಡುವುದುಂಟೆ? ಹುಲುಗಪ್ಪ ಹಿಡಿಕೆಯನ್ನು ಕೆಂಪು ಅರಿವೆಯಲ್ಲಿ ಸುತ್ತಿ, ಎದೆಗವಚಿಕೊಂಡು ಬಸ್ಸು ಹತ್ತಿದ. ಕೂತ ಸೀಟಿನ ಪಕ್ಕದವರು ಕೂಸೆಂದು ತಿಳಿದು ಜಾಗ ಬಿಟ್ಟರಂತೆ.

ಕೂಡ್ಲಿಗಿಯ ಸದಸ್ಯರದು ಸಣ್ಣ ಕೈ. ದಪ್ಪವಾಯಿತು, ಸುತ್ತಲೂ ಅರ್ಧ ಬೆರಳು ಕೆತ್ತಿಸಿ ಎಂದು ಬರೆದರು. ಕೆತ್ತಿಸಿದೆವು. ಕೊಟ್ಟೂರಿನ ಸದಸ್ಯರು ಕಾರ್ತಿಕ ಮುಗಿಯುವ ತನಕ ಆಯುಧ ಮುಟ್ಟುವುದಿಲ್ಲವೆಂದು ವ್ರತ ಹಿಡಿದಿದ್ದರು. ಕರ್ತವ್ಯ ಬಿಡಬಾರದೆಂದು ಕೈಗೆ ಟವೆಲ್ ಸುತ್ತಿಕೊಂಡು ಹಿಡಿದರು. ಟವೆಲಿಗೆ ಜಾಗ ಸಾಲದೆಂದರು. ಟವೆಲಿಗೂ ಕೆತ್ತಿಸಿದೆವು. ಹಗರಿಬೊಮ್ಮನಹಳ್ಳಿಯ ಸದಸ್ಯರಿಗೆ ಆ ವಾರ ಹೆಬ್ಬೆರಳಿಗೆ ಉಗುರುಸುತ್ತು. ಬ್ಯಾಂಡೇಜಿನ ಬೆರಳು ಹಿಡಿಸುವಷ್ಟು ದೊಡ್ಡ ಗುಂಡಿ ತೋಡಿಸಿದೆವು. ಎಂಟು ದಿನಕ್ಕೆ ಬೆರಳು ವಾಸಿಯಾಗಿ, ಗುಂಡಿ ದೊಡ್ಡದಾಯಿತೆಂದು ಅವರೇ ಆಕ್ಷೇಪಣೆ ಕಳಿಸಿದರು. ಗುಂಡಿ ಸಣ್ಣದಾಗಬೇಕಾದರೆ ಅದರ ಸುತ್ತಲಿನ ಮರ ಕಡಿಮೆಯಾಗಬೇಕು. ಮಾಡಿಸಿದೆವು. ಹಡಗಲಿಯ ಸದಸ್ಯರು ಎಡಚರು. ಅವರಿಗೆ ಎಲ್ಲವನ್ನೂ ಮತ್ತೊಂದು ಬದಿಯಿಂದ ಮಾಡಿಸಬೇಕಾಯಿತು.

ಒಂದೊಂದು ಸಲವೂ ಓಬಣ್ಣ ಆ ಊರಿಗೇ ಹೋಗುತ್ತಿದ್ದ. ಪೂರಕ ಕೆಲಸವೆಂದು ಒಂದು ಕಡೆ ಲಟ್ಟಣಿಗೆ, ಒಂದು ಕಡೆ ದೇವರ ಮಂಟಪ, ಒಂದು ಕಡೆ ಬೀಗರು ಬರುತ್ತಾರೆಂದು ತುರ್ತಾಗಿ ಎರಡು ಬಾಗಿಲು ಮಾಡಿಕೊಟ್ಟು ಬರುತ್ತಿದ್ದ. ಅಷ್ಟು ಕೆಲಸದ ನಡುವೆಯೂ ಅವನು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ.

"ಸಾಹೇಬ್ರ, ಕಟಗಿ ಕೆತ್ತಬಹುದು, ಕೂಡಿಸಾಕ ಬರಾಂಗಿಲ್ರಿ. ಹೋದದ್ದು ಹೋತು."

"ಹೋಗಲಿ ಬಿಡೋ," ಎನ್ನುತ್ತಿದ್ದರು ಶಿವಯೋಗಪ್ಪನವರು. "ಕಡತ ದಪ್ಪ ಆಗಾಕ ಹತ್ತೇತಲ್ಲ."

ಅದು ನಿಜ. ಕಡತ ನೂರಾ ಎಂಬತ್ತು ಪುಟ ಆಗಿತ್ತು. ನನಗೆ ಹೆಮ್ಮೆಯಾಗುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಯಶೋಧರಾ ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ ಬರುತ್ತಿದ್ದಳು. ಬೆಂಚಿನ ಮೇಲೆ ಕಾಯುವಾಗ ಸುಮ್ಮನೆ ಕೂರುತ್ತಿರಲಿಲ್ಲ. ಚೀಲದಿಂದ ತಕ್ಕಡಿಯ ಒಂದು ಕಿಲೋ ಬಟ್ಟು ತೆಗೆದು, ಬಲಗೈಯಲ್ಲಿ ಹಿಡಿದು, ತೋಳು ನೇರ ಚಾಚಿ, ನೋಟಿಸ್ ಬೋರ್ಡಿನ ಒಂದು ಗುಂಡುಪಿನ್ನನ್ನೇ ದಿಟ್ಟಿಸುತ್ತ ನಿಂತುಬಿಡುತ್ತಿದ್ದಳು. ಕೈ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಮೊದಲ ಸಲ ನೋಡಿದಾಗ ಪ್ರತಿಭಟನೆಯೇ ಎಂದು ಸ್ಪಷ್ಟನೆ ಕೇಳಿದೆವು. ಅಭ್ಯಾಸ ಎಂದು ಬರೆದುಕೊಟ್ಟಳು. ಅಭ್ಯಾಸಕ್ಕೆ ನಮ್ಮಲ್ಲಿ ಅರ್ಜಿ ನಮೂನೆ ಇಲ್ಲವಾದ್ದರಿಂದ ಮುಂದುವರಿಯಲು ಬಿಟ್ಟೆವು.

ಡಿಸೆಂಬರ್ ಕೊನೆಯ ಶನಿವಾರ ಅವಳು ಹಿಡಿಕೆಯನ್ನು ಒಮ್ಮೆ ನೋಡಬೇಕೆಂದಳು. ಹುಲುಗಪ್ಪ ಕೆಂಪು ಅರಿವೆ ಬಿಚ್ಚಿದ. ಜಾಲಿಯ ಮರ ಹಲ್ಲುಜ್ಜುವ ಬೇವಿನ ಕಡ್ಡಿಗಿಂತ ತುಸು ದಪ್ಪ ಉಳಿದಿತ್ತು. ಅವಳು ಅದನ್ನು ಕೈಯಲ್ಲಿ ಹಿಡಿದು ಮುಷ್ಟಿ ಮುಚ್ಚಿದಳು. ಬೆರಳುಗಳ ನಡುವೆ ಅದು ಎಲ್ಲಿದೆಯೆಂದೇ ತಿಳಿಯಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

"ಇಪ್ಪತ್ತಮೂರು ದಿನ ಉಳದಾವ ಸರ್," ಎಂದಳು. "ಬ್ಯಾಸಗಿ ರಜಾದಾಗ ಒಂದಿನ ಮನ್ಯಾಗ ಕುಂತಿಲ್ಲ ನಾನು. ನಮ್ಮವ್ವ ಈ ಒಂದು ವರ್ಷ ಮದುವಿ ಮಾತ ಎತ್ತಬ್ಯಾಡ ಅಂತ ಎಲ್ಲಾರ ಬಾಯಿ ಮುಚ್ಚಿಸ್ಯಾಳ. ಆಕಿಗೆ ಏನು ಹೇಳ್ಲಿ?"

ನನಗೂ ಅಯ್ಯೋ ಅನ್ನಿಸಿತು. ಆದರೆ ಕಡತದಲ್ಲಿ ಅಯ್ಯೋ ಎನ್ನುವುದಕ್ಕೆ ಕಾಲಂ ಇಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ ಜನ. ಪೂಜಾರಿಗೂ ಒಂದು ನಿಯಮಾವಳಿ ಇರುತ್ತದೆಂದು ಜನಕ್ಕೆ ತಿಳಿಯುವುದಿಲ್ಲ.

ಭೀಮರಾಜ ಆ ದಿನ ಮಗಳ ಜೊತೆ ಬಂದಿದ್ದ. ಕಡ್ಡಿಯನ್ನು ನೋಡಿದ, ಮಗಳ ಭುಜ ಹಿಡಿದು ಮೆಟ್ಟಿಲಿಳಿದ. ಕೆಳಗೆ ಹೋಗಿ ಬಲಕ್ಕೆ, ಮನೆಯ ದಾರಿಗೆ ತಿರುಗಬೇಕಾದವರು ಎಡಕ್ಕೆ ತಿರುಗಿದರು. ಎಡಕ್ಕೆ ಇರುವುದು ಓಬಣ್ಣನ ಅಂಗಡಿ.

ಜನವರಿ ಮೊದಲ ವಾರ ಸಾಹೇಬರ ಮನೆಯ ಅಡುಗೆ ಕಪಾಟಿನ ವಿಷಯವಾಗಿ ನಾನು ಓಬಣ್ಣನ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ಒಂದು ಗೋಣಿ ಚೀಲ, ನೀರು ಚಿಮುಕಿಸಿ ಒದ್ದೆ ಮಾಡಿದ್ದು. ಅದರ ಸಂದಿಯಿಂದ ಒಂದು ಹಸಿ ಮಣ್ಣಿನ ಮುದ್ದೆ ಕಾಣುತ್ತಿತ್ತು. ದಸರೆಗೆ ಮುಂಚೆ ಹಿಡಿದು ಕೊಟ್ಟ ಮುದ್ದೆ, ಆ ದಿನವೂ ಬೆರಳ ಗುರುತು ಸ್ವಲ್ಪವೂ ಕೆಟ್ಟಿರಲಿಲ್ಲ. ಪಕ್ಕದಲ್ಲಿ ಜಾಲಿ ಕಟ್ಟಿಗೆಯ ಹೊಸ ಹಿಡಿಕೆಯೊಂದು, ಕುಸುಬೆ ಎಣ್ಣೆ ಕುಡಿದು ಮಿರಮಿರ ಎನ್ನುತ್ತಿತ್ತು.

"ಇದೇನೋ ಓಬಣ್ಣ?"

"ಕುಡುಗೋಲಿನ ಹಿಡಿ ರೀ."

"ಕುಡುಗೋಲಿಗೆ ಐದು ಬೆರಳಿಗೂ ಬ್ಯಾರೆ ಬ್ಯಾರೆ ಗುಂಡಿ ಯಾಕ?"

"ಕೊಯ್ಯಾಕಿ ಬಾಳ ನಾಜೂಕು ಅದಾಳ್ರಿ."

ಭೀಮರಾಜ ಒಂದು ಮಣೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ನನ್ನನ್ನು ಕಂಡು ನಮಸ್ಕಾರ ಮಾಡಿದ. ನಾನು ಹಿಡಿಕೆ ನೋಡಿದ್ದನ್ನು ಕಂಡು ಮತ್ತೊಮ್ಮೆ ನಮಸ್ಕಾರ ಮಾಡಿದ. ಎರಡನೆಯ ನಮಸ್ಕಾರ ಯಾತಕ್ಕೆಂದು ನಾನು ಕೇಳಲಿಲ್ಲ. ನಾನು ಹೋಗಿದ್ದು ಅಡುಗೆ ಕಪಾಟಿನ ವಿಷಯಕ್ಕೆ. ಉಳಿದದ್ದು ನನ್ನ ಟೇಬಲ್ಲಿಗೆ ಸಂಬಂಧಿಸಿದ್ದಲ್ಲವಾದ್ದರಿಂದ ನಾನು ಅದನ್ನು ನೋಡಲಿಲ್ಲ.

ಜನವರಿ ಹದಿನೇಳಕ್ಕೆ ಐವರೂ ಸದಸ್ಯರು ಹರಪನಹಳ್ಳಿಯಲ್ಲಿ ಸೇರಿ ಕಡ್ಡಿಯನ್ನು ಸರದಿಯ ಮೇಲೆ ಹಿಡಿದರು. ಯಾರ ಕೈಗೂ ತೊಂದರೆಯಾಗಲಿಲ್ಲ. ಉಂಗುರಕ್ಕೆ ತಾಗಲಿಲ್ಲ, ಟವೆಲಿಗೆ ಸಿಕ್ಕಲಿಲ್ಲ, ಎಡಗೈಗೆ ಬಲಗೈಗೆ ಭೇದ ಮಾಡಲಿಲ್ಲ.

"ಈಗ ಒಗ್ಗತೈತಿ ನೋಡ್ರಿ," ಎಂದರು ಶಿವಯೋಗಪ್ಪನವರು. "ಹಿಡಿಕಿ ಅಂದ್ರ ಹಿಂಗಿರಬೇಕು. ಹಿಡಿದೀವಿ ಅಂತ ಗೊತ್ತ ಆಗಬಾರದು."

ಐವರೂ ಸಹಿ ಮಾಡಿದರು. ಆಗಲೇ ನನಗೆ ಹೊಳೆಯಿತು. ಸಹಿಯಾಯಿತೆಂದರೆ ಕಡತ ಮುಗಿಯಿತು, ಕಡತ ಮುಗಿಯಿತೆಂದರೆ ಮಾರ್ಚಿಗೆ ಘಟಕ ಮುಗಿಯಿತು. ಶಿವಯೋಗಪ್ಪನವರ ಮುಖವೂ ಕಪ್ಪಿಟ್ಟಿತು. ನಮ್ಮನ್ನು ಉಳಿಸಿದವನು ಹುಲುಗಪ್ಪ. ಚಹಾದ ಲೋಟ ಎತ್ತುತ್ತ ಹೇಳಿದ:

"ಕೊಟ್ಟ ಮ್ಯಾಲೆ ಹೆಂಗ ಬಳಸ್ತಾರ ಅಂತ ನಿಗಾ ಇಡಬೇಕಲ್ರಿ ಸಾಹೇಬ್ರ. ಅದಕ್ಕೊಂದು ಬ್ಯಾರೆ ಕಡತ ಬೇಕಾಗತೈತಿ."

ಹತ್ತು ವರ್ಷದ ನಿಗಾ ಕಡತವನ್ನು ಅಲ್ಲೇ ತೆರೆದೆವು. ಮರುದಿನ ಕಚೇರಿಯ ಬಾಗಿಲಿಗೆ ಈ ಪ್ರಕಟಣೆ ಹಚ್ಚಲಾಯಿತು:

'ಸಾರ್ವಜನಿಕರ ಗಮನಕ್ಕೆ. ಐದು ತಾಲೂಕುಗಳ ಸಮಸ್ತ ಕೈಗಳಿಗೂ ಒಗ್ಗುವ ಪಿಸ್ತೂಲು ಹಿಡಿಕೆಯನ್ನು ಈ ಘಟಕವು ಪರಿಶೀಲಿಸಿ ಅನುಮೋದಿಸಿದೆ. ಅರ್ಜಿದಾರರು ಅನುಮೋದಿತ ಹಿಡಿಕೆಯನ್ನು ಹೊರತುಪಡಿಸಿ ಬೇರೆ ಹಿಡಿಕೆಯನ್ನು ಬಳಸತಕ್ಕದ್ದಲ್ಲ. ಈ ಹಿಡಿಕೆಯು ಒಗ್ಗದಿದ್ದಲ್ಲಿ ಅದು ಕೈಯ ದೋಷವೆಂದು ಪರಿಗಣಿಸಲಾಗುವುದು.'

ಯಶೋಧರಾ ಬಂದು ಪ್ರಮಾಣಪತ್ರವನ್ನೂ ಕಡ್ಡಿಯನ್ನೂ ತೆಗೆದುಕೊಂಡು, ಮುಟ್ಟಿತೆಂದು ಸಹಿ ಹಾಕಿದಳು. ಯಾವುದಕ್ಕೂ ಇರಲಿ ಎಂದು ಪ್ರಮಾಣಪತ್ರಕ್ಕೆ ಮೂರೂ ಜಿಲ್ಲೆಯ ಮೊಹರು ಒತ್ತಿಕೊಟ್ಟೆ. ಅವಳು ಜಗಳವಾಡುತ್ತಾಳೆಂದು ಹೆದರಿದ್ದೆ. "ಬಾಳ ಉಪಕಾರ ಆತು ಸರ್," ಎಂದು ಹೊರಟುಹೋದಳು. ಅವಳ ಬಲಗೈಯಿಂದ ಕುಸುಬೆ ಎಣ್ಣೆಯ ವಾಸನೆ ಬರುತ್ತಿತ್ತು.

ಜನವರಿ ಇಪ್ಪತ್ತರಂದು ಬೆಂಗಳೂರಿನಲ್ಲಿ ಪಂದ್ಯ ನಡೆಯಿತು. ಇಪ್ಪತ್ತೊಂದರ ಬೆಳಿಗ್ಗೆ ಹುಲುಗಪ್ಪ ಪತ್ರಿಕೆ ಹಿಡಿದುಕೊಂಡು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಯಶೋಧರಾ ಆರುನೂರಕ್ಕೆ ಐನೂರ ಅರವತ್ತೆಂಟು ಅಂಕ ಪಡೆದು ರಾಷ್ಟ್ರೀಯ ಪಂದ್ಯಕ್ಕೆ ಅರ್ಹಳಾಗಿದ್ದಳು. ಜೊತೆಗೆ ದೊಡ್ಡ ಫೋಟೋ. ತೋಳು ಚಾಚಿ, ಕಣ್ಣು ನೆಟ್ಟು, ನಮ್ಮ ಗುಂಡುಪಿನ್ನನ್ನು ನೋಡುವ ಹಾಗೇ ನೋಡುತ್ತ ನಿಂತಿದ್ದಳು.

ಶಿವಯೋಗಪ್ಪನವರು ಭೂತಕನ್ನಡಿ ತರಿಸಿದರು. ಫೋಟೋದಲ್ಲಿ ಪಿಸ್ತೂಲಿನ ನಳಿಗೆ ಕಾಣುತ್ತಿತ್ತು, ಕೈ ಕಾಣುತ್ತಿತ್ತು. ಹಿಡಿಕೆ ಮಾತ್ರ ಕಾಣುತ್ತಿರಲಿಲ್ಲ. ಅವಳ ಅಂಗೈ, ಐದೂ ಬೆರಳು ಮರವನ್ನು ಸುತ್ತಿಕೊಂಡು ಒಂದು ಚೂರೂ ಹೊರಗೆ ಬಿಟ್ಟಿರಲಿಲ್ಲ. ಅವರು ಬಹಳ ಹೊತ್ತು ನೋಡಿದರು. ಹುಲುಗಪ್ಪ ಉಸಿರು ಬಿಗಿಹಿಡಿದಿದ್ದ. ನಾನೂ ಹಿಡಿದಿದ್ದೆ.

"ಹಿಡಿಕಿ ಕಾಣವಲ್ದು," ಎಂದರು.

"ಹೌದ್ರಿ."

"ಕಾಣವಲ್ದು ಅಂದ್ರ ಅದು ನಮ್ಮದ. ನಮ್ಮ ಹಿಡಿಕಿ ಅಷ್ಟು ತೆಳ್ಳಗ ಐತಿ." ಭೂತಕನ್ನಡಿ ಕೆಳಗಿಟ್ಟು ಕಣ್ಣೊರೆಸಿಕೊಂಡರು. "ಮೂರು ತಿಂಗಳ ಶ್ರಮ ಸಾರ್ಥಕ ಆತಲ್ಲೋ ಗುರುಮೂರ್ತಿ."

"ಆತ್ರಿ," ಎಂದೆ.

ಮೇಲಿನ ಕಚೇರಿಗೆ ವರದಿ ಕಳಿಸಿದೆವು. ಅಲ್ಲಿಂದ ಅಭಿನಂದನೆ ಬಂತು, ಘಟಕ ಕಾಯಂ ಆಯಿತು. ಯಶೋಧರಾ ಕಡ್ಡಿಯನ್ನು ಜೋಪಾನವಾಗಿ ಹಿಂದಕ್ಕೆ ತಂದುಕೊಟ್ಟಳು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಪೆಟ್ಟಿಗೆ ಓಬಣ್ಣನೇ ಮಾಡಿದ್ದು. ಈ ವರ್ಷದ ಆಯುಧ ಪೂಜೆಗೆ ಸ್ಟೇಪ್ಲರನ್ನು ಪಕ್ಕಕ್ಕೆ ಸರಿಸಿ ಅದಕ್ಕೇ ಮೊದಲ ಕುಂಕುಮ ಇಟ್ಟೆವು. ಐದು ತಾಲೂಕಿನ ಹುಡುಗ ಹುಡುಗಿಯರು ಪಿಸ್ತೂಲು ಕಲಿಯಲು ಶುರು ಮಾಡಿದ್ದಾರೆ. ಇಲ್ಲಿಯವರೆಗೆ ನಲವತ್ತೊಂದು ಅರ್ಜಿಗಳು ಬಂದಿವೆ.

ಕೆಲಸ ಹೆಚ್ಚಾದದ್ದರಿಂದ ಯಶೋಧರಾಳನ್ನೇ ಘಟಕದ ತಾಂತ್ರಿಕ ಸದಸ್ಯೆಯಾಗಿ ನೇಮಿಸಲಾಗಿದೆ. ಮೊದಲ ಸಭೆಯಲ್ಲೇ ಅವಳು, ಹದಿನಾಲ್ಕನೆಯ ನಿಯಮವನ್ನು ತಿದ್ದಿ ಅರ್ಜಿದಾರರ ಕೈಗೇ ಹಿಡಿಸಿ ನೋಡೋಣ ಎಂದಳು. ಶಿವಯೋಗಪ್ಪನವರು ಮನಸಾರೆ ಒಪ್ಪಿದರು. ತಿದ್ದುಪಡಿಯ ಕಡತ ಈಗ ಕೂಡ್ಲಿಗಿಯಲ್ಲಿದೆ. ಅಲ್ಲಿಂದ ಅದು ಕೊಟ್ಟೂರಿಗೆ ಹೋಗಬೇಕು.

ಹೋದ ಶನಿವಾರ ಬಾಗಳಿಯ ಚಂದನಾ ಎಂಬ ಹುಡುಗಿಯ ಅರ್ಜಿ ಪರಿಶೀಲನೆಗೆ ಬಂತು. ಡಿಗ್ರಿ ಮೊದಲ ವರ್ಷ ಓದುತ್ತಾಳೆ. ಓಬಣ್ಣನ ಕೈಯಲ್ಲೇ ಮಾಡಿಸಿದ ಹೊಸ ಹಿಡಿಕೆ ತಂದಿದ್ದಳು. ನಿಯಮದಂತೆ ಯಶೋಧರಾ ಖುದ್ದಾಗಿ ಹಿಡಿದಳು. ಅದು ಚಂದನಾಳ ಕೈಯ ಅಳತೆಯದು, ಯಶೋಧರಾಳ ಕೈಗೆ ಕೂರಲಿಲ್ಲ. ಅವಳು ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದಳು. ಆಮೇಲೆ ಪೆನ್ನು ತೆಗೆದು 'ಒಗ್ಗಿಲ್ಲ' ಎಂದು ಬರೆದಳು.

ಚಂದನಾಳ ಮುಖ ಸಣ್ಣದಾಯಿತು.

ಯಶೋಧರಾ ಮೇಜಿನ ಮೇಲೆ ಬಾಗಿ ಕೇಳಿದಳು. "ಓಬಣ್ಣನ ಅಂಗಡ್ಯಾಗ ನಿನ್ನ ಮುದ್ದಿ ಐತಿಲ್ಲವಾ?"

"ಐತ್ರಿ ಮೇಡಂ."

"ದಿನಾ ಹೋಗಿ ಗೋಣಿಗೆ ನೀರು ಚಿಮುಕಿಸು. ಒಣಗಾಕ ಬಿಡಬ್ಯಾಡ."

ಶಿವಯೋಗಪ್ಪನವರು ಫ್ಯಾನು ನೋಡುತ್ತಿದ್ದರು. ನನ್ನ ಕೈಯಲ್ಲಿ ಪೆನ್ನಿತ್ತು. ಆದರೆ ಬಾಯಿಮಾತನ್ನು ಆಧಾರವಾಗಿ ಪರಿಗಣಿಸತಕ್ಕದ್ದಲ್ಲ ಎಂದು ನಿಯಮವೇ ಹೇಳುವುದರಿಂದ ಬರೆದುಕೊಳ್ಳಲಿಲ್ಲ. ಮುಂದಿನವರನ್ನು ಕರೆ ಎಂದು ಹುಲುಗಪ್ಪನಿಗೆ ಹೇಳಿದೆ.

ಹೊರಗೆ ಮೆಟ್ಟಿಲ ಮೇಲೆ ಒಂಬತ್ತು ಜನ ಅರ್ಜಿ ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರೂ ಅರ್ಜಿಯನ್ನು ಎಡಗೈಯಲ್ಲಿ ಹಿಡಿದಿದ್ದರು, ಯಾಕೆಂದರೆ ಒಂಬತ್ತೂ ಜನರ ಬಲಗೈಗೆ ಹಸಿ ಮಣ್ಣು ಮೆತ್ತಿತ್ತು. ಮೆಟ್ಟಿಲ ಕಂಬಿಗೂ ಅದು ಹತ್ತುತ್ತದೆ. ಹುಲುಗಪ್ಪ ದಿನಕ್ಕೆ ಎರಡು ಸಲ ಒರೆಸುತ್ತಾನೆ. ಅದಕ್ಕೆಂದೇ ಕಚೇರಿಯಿಂದ ಒಂದು ಅರಿವೆ ಮಂಜೂರಾಗಿದೆ.